ಬ್ರೆಡ್ ಮಷೀನಿಗೆ ಕೈ ಇದೆ, ಕಣ್ಣಿಲ್ಲ!



ಲಿಂಗಂಪಲ್ಲಿ ಸುತ್ತಮುತ್ತಲ ನಮ್ಮ ಕನ್ನಡದ ಮನೆಗಳಿಗೆ ಬ್ರೆಡ್ ಮಷೀನ್ ಬರುವ ದಾರಿ ಸಾಮಾನ್ಯವಾಗಿ ಎರಡು. ಒಂದೋ, ಅಮೆರಿಕದಲ್ಲಿರುವ ಮಗಳೋ ಅಳಿಯನೋ ರಜೆಗೆ ಬರುವಾಗ ಹೊತ್ತು ತರುತ್ತಾರೆ. ಇಲ್ಲವೇ, ಮಕ್ಕಳ ಟಿಫಿನ್ ಡಬ್ಬಿಗೆ ಒಳ್ಳೆಯ ಬ್ರೆಡ್ ಹಾಕಬೇಕೆಂದು ನಾವೇ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುತ್ತೇವೆ. ಮೊದಲ ವಾರ ಮನೆಯೆಲ್ಲ ಘಮಘಮ. ಎರಡನೇ ವಾರ ಇಟ್ಟಿಗೆಯಂಥ ಬ್ರೆಡ್, ಇಲ್ಲವೇ ನಡುವೆ ಕುಸಿದು ಹಳ್ಳ ಬಿದ್ದ ಬ್ರೆಡ್. ಮೂರನೇ ವಾರ ಮಷೀನ್ ಅಟ್ಟ ಸೇರಿರುತ್ತದೆ!

ಅಟ್ಟ ಸೇರಿದ ಮಷೀನುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಅದರ ಜೊತೆ ಬಂದ ಪುಸ್ತಕ ಬೇರೆ ಊರಿನ ಹಿಟ್ಟಿಗೆ, ಬೇರೆ ಊರಿನ ಹವೆಗೆ ಬರೆದದ್ದು, ಅಷ್ಟೆ.

ಮೊದಲು ಈ ಯಂತ್ರ ಹುಟ್ಟಿದ ಕತೆ ಕೇಳಿ. 1980ರ ದಶಕದಲ್ಲಿ ಜಪಾನಿನ ಮತ್ಸುಷಿತಾ ಕಂಪನಿ (ಇಂದಿನ ಪ್ಯಾನಸೋನಿಕ್) ಮನೆಬಳಕೆಯ ಬ್ರೆಡ್ ಮಷೀನ್ ಮಾಡಲು ಹೊರಟಾಗ ಹಿಟ್ಟು ಸರಿಯಾಗಿ ನಾದಲು ಬರಲೇ ಇಲ್ಲ. ಹೊರಗೆ ಸೀದರೆ ಒಳಗೆ ಹಸಿ. ಆಗ ಇಕುಕೋ ತನಾಕಾ ಎಂಬ ತಂತ್ರಜ್ಞೆ ಒಸಾಕಾದ ಹೆಸರಾಂತ ಹೋಟೆಲೊಂದರ ಮುಖ್ಯ ಬೇಕರಿಯವರ ಬಳಿ ಶಿಷ್ಯೆಯಾಗಿ ನಿಂತರು. ಅವರು ಹಿಟ್ಟನ್ನು ಬರಿದೇ ಒತ್ತದೆ, ಎಳೆಯುತ್ತಾ ತಿರುಚುತ್ತಾರೆ ಎಂಬ ಗುಟ್ಟು ಆಕೆಗೆ ಹೊಳೆಯಿತು. ಆ ತಿರುಚು ಬರುವಂತೆ ಪಾತ್ರೆಯ ಒಳಗೋಡೆಗೆ ಏಣುಗಳನ್ನು ಕೊಟ್ಟರು. 1987ರಲ್ಲಿ ಮಷೀನ್ ಮಾರುಕಟ್ಟೆಗೆ ಬಂತು.

ಅಂದರೆ ನಿಮ್ಮ ಮಷೀನಿನೊಳಗೆ ಒಬ್ಬ ನುರಿತ ಬೇಕರಿಯವರ ಕೈ ಇದೆ. ಆದರೆ ಅವರ ಕಣ್ಣು ಇಲ್ಲ. ಹಿಟ್ಟು ಗಟ್ಟಿಯಾಯಿತೇ, ನೀರಾಯಿತೇ ಎಂದು ಅದು ನೋಡುವುದಿಲ್ಲ. ಗಡಿಯಾರ ಹೇಳಿದಷ್ಟು ಹೊತ್ತು ನಾದಿ, ಹುದುಗಿಸಿ, ಸುಡುತ್ತದೆ. ಆ ಕಣ್ಣಿನ ಕೆಲಸ ನಿಮ್ಮದು. ಕಷ್ಟವೇನಿಲ್ಲ, ಹತ್ತು ನಿಮಿಷ ಸಾಕು.

ನಮ್ಮ ಹಿಟ್ಟೇ ಬೇರೆ

ಬ್ರೆಡ್ ಉಬ್ಬಬೇಕಾದರೆ ಹಿಟ್ಟಿನಲ್ಲಿ ಅಂಟಿನ ಗುಣ, ಅಂದರೆ ಗ್ಲೂಟನ್, ಚೆನ್ನಾಗಿರಬೇಕು. ಈಸ್ಟ್ ಬಿಡುವ ಗಾಳಿಯನ್ನು ಬಲೂನಿನಂತೆ ಹಿಡಿದಿಡುವುದು ಅದೇ. ವಿದೇಶದ ಬ್ರೆಡ್ ಹಿಟ್ಟಿನಲ್ಲಿ ಪ್ರೋಟೀನ್ ನೂರಕ್ಕೆ 12-13ರಷ್ಟಿದ್ದರೆ, ಅಂಗಡಿಯ ಮಾಮೂಲು ಮೈದಾದಲ್ಲಿ ಸುಮಾರು 10-11. ಹಾಗಾಗಿ ಮೈದಾಕ್ಕೆ ಪುಸ್ತಕ ಹೇಳುವಷ್ಟು ನೀರು ಹಾಕಿದರೆ ಕಣಕ ಜಾರುತ್ತದೆ, ಬ್ರೆಡ್ ಕುಸಿಯುತ್ತದೆ. ಚಪಾತಿಯ ಗೋಧಿಹಿಟ್ಟಿನದು ಇದಕ್ಕೆ ವಿರುದ್ಧ. ಚಕ್ಕಿಯ ಕಲ್ಲಿನಲ್ಲಿ ಬೀಸುವಾಗ ಪಿಷ್ಟದ ಕಣಗಳು ಒಡೆದಿರುವುದರಿಂದ ಅದು ಜಾಸ್ತಿ ನೀರು ಕುಡಿಯುತ್ತದೆ. ಅದಕ್ಕೆ ಮೈದಾದಷ್ಟೇ ನೀರು ಹಾಕಿದರೆ ಇಟ್ಟಿಗೆಯೇ ಗತಿ.

ದುರ್ಬಲ ಹಿಟ್ಟನ್ನು ಬಲಪಡಿಸಲು ಎಷ್ಟೋ ಬೇಕರಿಗಳು ಹಿಂದೆ ಪೊಟ್ಯಾಸಿಯಂ ಬ್ರೋಮೇಟ್ ಬಳಸುತ್ತಿದ್ದವು. 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ಬ್ರೆಡ್, ಬನ್, ಪಿಜ್ಜಾದಂಥ 38 ಮಾದರಿಗಳನ್ನು ಪರೀಕ್ಷಿಸಿ, ನೂರಕ್ಕೆ 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಇದೆ ಎಂದು ಹೇಳಿತು. ಮರುತಿಂಗಳೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಬ್ರೋಮೇಟನ್ನು ನಿಷೇಧಿಸಿತು. ಮನೆಯಲ್ಲಿ ನಮಗೆ ಇಂಥದ್ದೇನೂ ಬೇಕಿಲ್ಲ. ಗೋಧಿಯಿಂದಲೇ ತೆಗೆದ ಗ್ಲೂಟನ್ ಪುಡಿ ಸಿಗುತ್ತದೆ. 400 ಗ್ರಾಂ ಹಿಟ್ಟಿಗೆ ಮೂರು ಚಮಚೆ ಬೆರೆಸಿದರೆ ಸಾಕು. ಅದು ಸಿಗದಿದ್ದರೆ ನೀರಿನ ಲೆಕ್ಕ ಸರಿಮಾಡಿಕೊಂಡೇ ಒಳ್ಳೆಯ ಬ್ರೆಡ್ ಮಾಡಬಹುದು.

ಜೋಳ, ರಾಗಿ ಹಿಟ್ಟಿನಲ್ಲಿ ಗ್ಲೂಟನ್ ಇಲ್ಲವೇ ಇಲ್ಲ. ರುಚಿಗೆಂದು ಬೆರೆಸುವುದಾದರೆ ಒಟ್ಟು ಹಿಟ್ಟಿನ ಐದನೇ ಒಂದು ಪಾಲು ಮೀರಬೇಡಿ. ಬೆಳಗಾವಿ, ವಿಜಯಪುರ ಕಡೆಯಿಂದ ತರಿಸುವ ಜವೆಗೋಧಿಯ ಅಂಟೂ ಬ್ರೆಡ್ಡಿಗೆ ಸಾಲದು. ಅದನ್ನು ಪಾಯಸಕ್ಕೇ ಇಟ್ಟುಕೊಳ್ಳಿ!

ಅಳತೆ ಮತ್ತು ಆ ಹತ್ತು ನಿಮಿಷ

ಕಪ್ಪಿನ ಲೆಕ್ಕ ಬಿಡಿ. ಒಂದೇ ಕಪ್ಪಿನಲ್ಲಿ ಹಗುರಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಮೈದಾ ಹಿಡಿಯುತ್ತದೆ. ಮೂರು ಕಪ್ಪಿಗೆ 90 ಗ್ರಾಂ ವ್ಯತ್ಯಾಸ! ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಕೊಳ್ಳಿ.

ಆರಂಭಕ್ಕೆ ಈ ಅಳತೆ ಹಿಡಿಯಿರಿ: ಮೈದಾ 400 ಗ್ರಾಂ, ನೀರು 230 ಮಿಲಿ, ಎಣ್ಣೆ ಅಥವಾ ಬೆಣ್ಣೆ 20 ಗ್ರಾಂ, ಸಕ್ಕರೆ 12 ಗ್ರಾಂ, ಉಪ್ಪು 7 ಗ್ರಾಂ, ಹಾಲಿನ ಪುಡಿ ಒಂದು ದೊಡ್ಡ ಚಮಚೆ, ಇನ್‌ಸ್ಟಂಟ್ ಈಸ್ಟ್ 4 ಗ್ರಾಂ. ಪಕ್ಕದಲ್ಲಿ ಇನ್ನೂ 30 ಮಿಲಿ ನೀರು ಇಟ್ಟುಕೊಳ್ಳಿ. ಅರ್ಧ ಗೋಧಿಹಿಟ್ಟು, ಅರ್ಧ ಮೈದಾ ಆದರೆ ನೀರನ್ನು 260 ಮಿಲಿಯಿಂದ ಶುರುಮಾಡಿ.

ಮಷೀನ್ ನಾದಲು ಶುರುಮಾಡಿ ಐದು ನಿಮಿಷವಾದ ಮೇಲೆ ಮುಚ್ಚಳ ತೆರೆದು ನೋಡಿ. ನಾದುವಾಗ ತೆರೆದರೆ ಏನೂ ಆಗುವುದಿಲ್ಲ. ಹುದುಗುವಾಗ, ಸುಡುವಾಗ ಮಾತ್ರ ತೆರೆಯಬೇಡಿ. ಕಣಕ ಒಂದೇ ಉಂಡೆಯಾಗಿ ತಿರುಗುತ್ತಿರಬೇಕು. ಚಪಾತಿ ಹಿಟ್ಟಿಗಿಂತ ಮೆದು, ಹೋಳಿಗೆಯ ಕಣಕಕ್ಕಿಂತ ಗಟ್ಟಿ. ಅದೇ ಹದ. ಉಂಡೆ ಒರಟಾಗಿ, ಮಷೀನ್ ಧಡಧಡ ಅನ್ನುತ್ತಿದ್ದರೆ ಇಟ್ಟುಕೊಂಡ ನೀರನ್ನು ಒಂದೊಂದೇ ಚಮಚೆ ಹಾಕಿ, ಒಂದು ನಿಮಿಷ ಕಾದು ನೋಡಿ. ತಳದಲ್ಲಿ ಗಂಜಿಯಂತೆ ಹರಡಿದ್ದರೆ ಒಂದೊಂದೇ ಚಮಚೆ ಹಿಟ್ಟು ಉದುರಿಸಿ. ಇದೊಂದು ಅಭ್ಯಾಸ ಬಂದರೆ ಮುಕ್ಕಾಲು ಪಾಲು ತೊಂದರೆ ಕಳೆದ ಹಾಗೆ.

ಹೈದರಾಬಾದಿನ ಬಿಸಿಲು

ಕಣಕ 26-28 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಈಸ್ಟ್ ನೆಮ್ಮದಿಯಾಗಿ ಕೆಲಸ ಮಾಡುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಹೊರಗೆ 40 ಮುಟ್ಟುವಾಗ ಅಡಿಗೆಮನೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಟ್ಯಾಂಕಿನ ನೀರೂ ಬಿಸಿ. ಕಣಕ ಬೇಗ ಉಬ್ಬಿ, ಮಷೀನ್ ಸುಡಲು ಶುರುಮಾಡುವ ಹೊತ್ತಿಗೆ ಸುಸ್ತಾಗಿ ಕುಸಿದಿರುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿನ ತಣ್ಣೀರು ಹಾಕಿ, ಈಸ್ಟನ್ನು 3 ಗ್ರಾಂಗೆ ಇಳಿಸಿ, ಬೆಳಗಿನ ಜಾವದಲ್ಲೇ ಮಾಡಿ. ಡಿಸೆಂಬರಿನ ಚಳಿಗೆ ಉಗುರುಬೆಚ್ಚಗಿನ ನೀರು ಸಾಕು. ಕುದಿನೀರು ಈಸ್ಟನ್ನು ಕೊಂದುಬಿಡುತ್ತದೆ.

ಈಸ್ಟ್ ಅಂಗಡಿಯ ಬಿಸಿಲಿನಲ್ಲಿ ಕೂತಿದ್ದರೆ ಅರ್ಧ ಸತ್ತಿರಬಹುದು. ಅನುಮಾನವಿದ್ದರೆ ಉಗುರುಬೆಚ್ಚಗಿನ ಅರ್ಧ ಕಪ್ ನೀರಿಗೆ ಒಂದು ಚಮಚೆ ಸಕ್ಕರೆ, ಒಂದು ಚಮಚೆ ಈಸ್ಟ್ ಹಾಕಿ. ಹತ್ತು ನಿಮಿಷದಲ್ಲಿ ನೊರೆ ಬಾರದಿದ್ದರೆ ಎಸೆಯಿರಿ. ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ.

ರಾತ್ರಿ ಟೈಮರ್ ಇಟ್ಟು ಮಲಗುವವರು ಎರಡು ಮಾತು ನೆನಪಿಡಿ. ಈಸ್ಟ್‌ಗೆ ನೀರು, ಉಪ್ಪು ತಾಗದಂತೆ ಹಿಟ್ಟಿನ ನಡುವೆ ಗುಳಿ ಮಾಡಿ ಇಡಿ. ಈಸ್ಟ್‌ಗೆ ಬೇರೆ ಜಾಗವಿರುವ ಮಷೀನಾದರೆ ಅಲ್ಲೇ ಹಾಕಿ. ಹಸಿ ಹಾಲು ಬೇಡ, ಬೆಳಗಾಗುವಷ್ಟರಲ್ಲಿ ಹುಳಿಯುತ್ತದೆ. ಹಾಲಿನ ಪುಡಿಯೇ ಸರಿ.

ಕರೆಂಟಿನ ಎಚ್ಚರ

ಅಮೆರಿಕದಿಂದ ಬಂದ ಮಷೀನನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಸಿಕ್ಕಿಸಬೇಡಿ. ಅದು 120 ವೋಲ್ಟಿನದು, ನಮ್ಮದು 230. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಮಷೀನಿನ ತಳದಲ್ಲಿ ಎಷ್ಟು ವ್ಯಾಟ್ ಎಂದು ನೋಡಿ, ಅದಕ್ಕಿಂತ ಧಾರಾಳ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳಿ. ಇನ್ನು, ಕರೆಂಟ್ ಹೋದರೆ ಕೆಲವು ಮಷೀನುಗಳು ಹತ್ತು ನಿಮಿಷದವರೆಗೆ ನೆನಪಿಟ್ಟುಕೊಂಡು ಮುಂದುವರಿಸುತ್ತವೆ, ಕೆಲವು ಮತ್ತೆ ಮೊದಲಿಂದ ಶುರುಮಾಡುತ್ತವೆ. ನಿಮ್ಮದು ಯಾವುದೆಂದು ಪುಸ್ತಕದಲ್ಲಿ ನೋಡಿಕೊಳ್ಳಿ. ಪುಸ್ತಕ ಇದಕ್ಕಾದರೂ ಉಪಯೋಗಕ್ಕೆ ಬರಲಿ!

ಆದ ಮೇಲೆ

ಬೀಪ್ ಅಂದ ಕೂಡಲೇ ಬ್ರೆಡ್ ಹೊರತೆಗೆಯಿರಿ. ಪಾತ್ರೆಯಲ್ಲೇ ಬಿಟ್ಟರೆ ಹಬೆಗೆ ಪಕ್ಕಗಳು ಒದ್ದೆಯಾಗುತ್ತವೆ. ಜಾಲರಿಯ ಮೇಲೆ ಒಂದು ಗಂಟೆ ಆರಿದ ನಂತರವೇ ಕತ್ತರಿಸಿ. ಅಂಗಡಿಯ ಬ್ರೆಡ್ಡಿನಂತೆ ಇದರಲ್ಲಿ ಕೆಡದಂತೆ ಇಡುವ ರಾಸಾಯನಿಕವಿಲ್ಲ, ಬೇಸಿಗೆಯಲ್ಲಿ ಎರಡು ದಿನದ ಮೇಲೆ ನಂಬಬೇಡಿ. ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಬೇಗ ಒರಟಾಗುತ್ತದೆ, ಏಕೆಂದರೆ ಆ ತಂಪಿನಲ್ಲೇ ಪಿಷ್ಟ ಬೇಗ ಗಟ್ಟಿಯಾಗುವುದು. ಹೋಳು ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಷ್ಟನ್ನೇ ತೆಗೆದು ಕಾವಲಿಯ ಮೇಲೆ ಬಿಸಿಮಾಡಿ.

ನೆತ್ತಿ ಕುಸಿದಿತ್ತೇ? ಮುಂದಿನ ಸಲ ನೀರನ್ನೋ ಈಸ್ಟನ್ನೋ ತುಸು ಇಳಿಸಿ. ಗಟ್ಟಿಯಾಗಿ ಗಿಡ್ಡವಾಗಿತ್ತೇ? ನೀರು ಏರಿಸಿ, ಈಸ್ಟ್ ಪರೀಕ್ಷಿಸಿ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನೂ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ಹಿಟ್ಟಿನ ಬ್ರ್ಯಾಂಡ್, ನೀರು ಎಷ್ಟಾಯಿತು, ಯಾವ ತಿಂಗಳು: ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ನಾಲ್ಕು ಬ್ರೆಡ್ ಆಗುವಷ್ಟರಲ್ಲಿ ನಿಮ್ಮ ಅಡಿಗೆಮನೆಯದೇ ಪುಸ್ತಕ ತಯಾರಾಗುತ್ತದೆ. ಈ ಭಾನುವಾರ ಮಷೀನನ್ನು ಅಟ್ಟದಿಂದ ಇಳಿಸಿ ನೋಡಿ. ನಿಮ್ಮ ಹಿಟ್ಟು ಎಷ್ಟು ನೀರು ಕುಡಿಯಿತು ಎಂದು ನಮಗೂ ಬರೆದು ತಿಳಿಸಿ. ಕೇಳ್ತಾ ಇರಿ!