ನೆಟ್ ಹೋದರೂ ಲೈಟ್ ಉರಿಯಬೇಕಾ? ಸ್ಮಾರ್ಟ್ ಹಬ್ ತರುವ ಮೊದಲು ಇದನ್ನು ಓದಿ

ಮಾಣಿ: ಮಳೆಗಾಲದಲ್ಲಿ ಗಾಳಿ, ಸಿಡಿಲಿಗೆ ನೆಟ್ ಹೋಗುವುದು ನಮ್ಮೂರಲ್ಲಿ ಹೊಸತಲ್ಲ. ಹಾಗಾಗಿ ಮನೆ, ಅಂಗಡಿಯ ಲೈಟ್, ಸೆನ್ಸರ್‌ಗಳನ್ನು ಮೊಬೈಲ್‌ನಲ್ಲೇ ನಡೆಸುವ ಸ್ಮಾರ್ಟ್ ಹಬ್ ತರುವವರು ಮೊದಲು ಕೇಳಬೇಕಾದ್ದು ಒಂದೇ: ನೆಟ್ ಇಲ್ಲದಿದ್ದರೆ ಇದು ನಡೆಯುತ್ತದಾ?

ಕೆಲವು ಹಬ್‌ಗಳು ಎಲ್ಲದಕ್ಕೂ ಕಂಪನಿಯ ಸರ್ವರನ್ನೇ ಕೇಳುತ್ತವೆ. ಸರ್ವರ್ ನಿಂತರೆ ಹಬ್ ಖಾಲಿ ಡಬ್ಬಿ. 2016ರಲ್ಲಿ ಅಮೆರಿಕದ ರಿವಾಲ್ವ್ ಹಬ್ ಕೊಂಡವರಿಗೆ ಆದದ್ದು ಇದೇ.

ಲೋಕಲ್ ಹಬ್‌ನ ಕೆಲಸ ಮನೆಯೊಳಗೇ ಮುಗಿಯುತ್ತದೆ. ಉಚಿತ ಸಾಫ್ಟ್‌ವೇರ್ ‘ಹೋಮ್ ಅಸಿಸ್ಟೆಂಟ್’ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಲ್ಲೂ ಓಡುತ್ತದೆ. ಸೆಟ್ಟಿಂಗ್‌ಗೆ ತಾಳ್ಮೆ ಬೇಕು ಅಷ್ಟೇ. ಪರವೂರಿಂದ ನೋಡಲು ಮಾತ್ರ ನೆಟ್ ಬೇಕು. ಕರೆಂಟ್ ಹೋದರೆ ಇದೂ ನಿಲ್ಲುತ್ತದೆ. ಹಬ್, ರೂಟರ್ ಎರಡನ್ನೂ ಇನ್ವರ್ಟರ್‌ಗೆ ಕೊಡಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿ: ವೈಫೈ ಇರಲಿ, ರೂಟರಿಗೆ ಬರುವ ನೆಟ್ ವಯರ್ ತೆಗೆಸಿ. ಆಗಲೂ ಲೈಟ್ ಉರಿದರೆ ದುಡ್ಡು ಕೊಡಿ.