ಬೋರ್ಡು ನೋಡಿ ಊರು ಆರಿಸಬೇಡಿ

ಕಳೆದ ದೀಪಾವಳಿ ರಜೆಗೆ ಊರಿಗೆ ಹೋಗಿದ್ದೆ. ನಮ್ಮದು ಅರಸೀಕೆರೆ. ಅಪ್ಪ ಸಾರಿಗೆ ಬಸ್ಸಿನ ಡ್ರೈವರ್, ಧರ್ಮಸ್ಥಳದ ರೂಟು. ಹಬ್ಬಕ್ಕೆ ಊರಿಗೆಲ್ಲ ರಜೆಯಾದರೆ ಅಪ್ಪನಿಗೆ ಡ್ಯೂಟಿ ಜಾಸ್ತಿ. ಆ ದಿನ ರಾತ್ರಿ ಎಂಟೂವರೆಗೆ ಮನೆಗೆ ಬಂದು, ಸ್ನಾನ ಮಾಡಿ, ಊಟ ಮುಗಿಸಿ ಟಿವಿ ಮುಂದಿನ ಕುರ್ಚಿಯಲ್ಲಿ ಕೂತ. ಕಂತಿನಲ್ಲಿ ತಂದ ಸ್ಮಾರ್ಟ್ ಟಿವಿ ಅದು. ತಂದು ಮೂರು ತಿಂಗಳಾಗಿದ್ದರೂ ಅಪ್ಪ ಅದರಲ್ಲಿ ವಾರ್ತೆ ಬಿಟ್ಟು ಬೇರೇನೂ ನೋಡಿರಲಿಲ್ಲ. ರಿಮೋಟನ್ನು ನನ್ನ ಕೈಗೆ ಕೊಟ್ಟು, ‘ಪುಟ್ಟಿ, ಏನಾದ್ರೂ ಒಳ್ಳೇದು ಹಾಕು. ಒಂದು ಗಂಟೆ ನೋಡಿ ಮಲಗ್ತೀನಿ’ ಅಂದ.

ನಾನು ಹುಡುಕತೊಡಗಿದೆ. ಒಂದು ಸಿನಿಮಾದ ಟ್ರೇಲರ್ ನೋಡಿದೆವು. ಹೊಡೆದಾಟ ಜಾಸ್ತಿ ಅನ್ನಿಸಿತು. ಇನ್ನೊಂದು ಸರಣಿ ತೆಗೆದೆ. ಹತ್ತು ಕಂತು, ಅಷ್ಟು ಹೊತ್ತು ಯಾರಿಗಿದೆ? ಮತ್ತೊಂದಕ್ಕೆ ಕನ್ನಡ ಧ್ವನಿ ಇರಲಿಲ್ಲ. ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋದೆ. ರೇಟಿಂಗ್ ನೋಡಲು ಮೊಬೈಲ್ ತೆಗೆದೆ. ಇದಕ್ಕಿಂತ ಒಳ್ಳೆಯದು ಕೆಳಗಿನ ಸಾಲಿನಲ್ಲಿ ಇರಬಹುದೇನೋ ಎಂದು ಇಳಿಯುತ್ತಲೇ ಹೋದೆ. ಗಡಿಯಾರ ನೋಡಿದಾಗ ನಲವತ್ತೈದು ನಿಮಿಷ ಕಳೆದಿತ್ತು. ತಿರುಗಿ ನೋಡಿದರೆ ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಅಮ್ಮ ಅಡುಗೆಮನೆಯಿಂದ ಬಂದು, ‘ಮಲಗಲಿ ಬಿಡು, ಬೆಳಿಗ್ಗೆ ನಾಲ್ಕಕ್ಕೆ ಏಳ್ಬೇಕು’ ಎಂದು ಟಿವಿ ಆರಿಸಿದಳು.

ಬೆಳಗಿನ ಜಾವ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅಪ್ಪ ಕೇಳಿದ, ‘ರಾತ್ರಿ ಕೊನೆಗೆ ಏನು ನೋಡಿದ್ರಿ?’ ‘ಏನೂ ನೋಡಲಿಲ್ಲಪ್ಪ, ಯಾವ್ದು ಅಂತಲೇ ಗೊತ್ತಾಗಲಿಲ್ಲ’ ಅಂದೆ. ಅಪ್ಪ ನಕ್ಕ. ‘ಬಸ್‌ಸ್ಟ್ಯಾಂಡಿಗೆ ಬರೋಕೆ ಮುಂಚೆ ಯಾವೂರಿಗೆ ಹೋಗ್ಬೇಕು ಅಂತ ಗೊತ್ತಿರಬೇಕು ಪುಟ್ಟಿ. ಬಂದು ನಿಂತ ಮೇಲೆ ಬೋರ್ಡು ನೋಡಿ ಊರು ಆರಿಸ್ಕೊಳ್ಳೋಕಾಗುತ್ತಾ?’

ಅಪ್ಪ ತಮಾಷೆಗೆ ಅಂದ ಮಾತು. ತುಮಕೂರಿನ ಹಾಸ್ಟೆಲ್ ತಲುಪುವವರೆಗೂ ಅದು ನನ್ನ ತಲೆಯಲ್ಲೇ ಇತ್ತು. ಏಕೆಂದರೆ ಆ ಒಂದು ಗಂಟೆಯಲ್ಲಿ ನಾನು ಅಪ್ಪನಿಗೆ ಹೇಳಬೇಕಾದ ವಿಷಯವೊಂದಿತ್ತು. ನಾಲ್ಕನೇ ಸೆಮಿಸ್ಟರಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬ್ಯಾಕ್ ಉಳಿದಿತ್ತು. ಏನಾದರೂ ನೋಡುತ್ತಾ ಮೆಲ್ಲಗೆ ಹೇಳಿಬಿಡೋಣ ಅಂದುಕೊಂಡಿದ್ದೆ.

ಬ್ಯಾಕ್ ಉಳಿದದ್ದು ಹೇಗೆ?

ಅದಕ್ಕೂ ಈ ಪರದೆಗೂ ಸಂಬಂಧವಿದೆ. ಪರೀಕ್ಷೆಗೆ ಓದಲು ಕೊಟ್ಟ ರಜೆಯಲ್ಲಿ ರಾತ್ರಿ ಹತ್ತಕ್ಕೆ ‘ಒಂದೇ ಒಂದು ಕಂತು’ ಎಂದು ಶುರು ಮಾಡುತ್ತಿದ್ದೆ. ಅದು ಮುಗಿಯುವ ಹೊತ್ತಿಗೆ ಯಾರಾದರೂ ಬಾಗಿಲು ತಟ್ಟುತ್ತಾರೆ, ಇಲ್ಲವೇ ಗುಂಡು ಹಾರುತ್ತದೆ. ಯಾರು, ಏಕೆ ಎಂದು ಯೋಚಿಸುವುದರೊಳಗೆ ಮುಂದಿನ ಕಂತು ತಾನಾಗಿ ಓಡತೊಡಗುತ್ತದೆ. ಮಲಗುವಾಗ ಮೂರು ಗಂಟೆ. ಆ ಸರಣಿಗಳಲ್ಲಿ ಹೆಚ್ಚಿನವುಗಳ ಹೆಸರೂ ಈಗ ನೆನಪಿಲ್ಲ. ಬ್ಯಾಕ್ ಮಾತ್ರ ನೆನಪಿದೆ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಬ್ಯಾಕ್ ಇರುವವರನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ ಎಂಬುದು ನಿಮಗೂ ಗೊತ್ತು.

ತಪ್ಪು ನನ್ನದೇ. ಆದರೆ ಎದುರಿಗಿರುವುದು ಏನೆಂಬುದು ನಮಗೆ ಗೊತ್ತಿರಬೇಕು. ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ತಮ್ಮ ಪೈಪೋಟಿ ಇರುವುದು ಜನರ ನಿದ್ದೆಯ ಜೊತೆಗೆ ಎಂಬರ್ಥದಲ್ಲಿ ಮಾತನಾಡಿದ್ದರು. ಅದೇ ವರ್ಷ ಆ ಸಂಸ್ಥೆಯ ಎಂಜಿನಿಯರುಗಳು ಇನ್ನೊಂದು ವಿಷಯವನ್ನೂ ಬರೆದಿದ್ದರು. ಒಂದೇ ಸಿನಿಮಾದ ಪೋಸ್ಟರ್ ಎಲ್ಲರಿಗೂ ಒಂದೇ ತರಹ ಕಾಣುವುದಿಲ್ಲ. ‘ಗುಡ್ ವಿಲ್ ಹಂಟಿಂಗ್’ ಚಿತ್ರವನ್ನೇ ಅವರು ಉದಾಹರಣೆ ಕೊಟ್ಟಿದ್ದರು. ಪ್ರೇಮಕಥೆ ನೋಡುವವರಿಗೆ ನಾಯಕ-ನಾಯಕಿಯ ಚಿತ್ರ, ಹಾಸ್ಯ ನೋಡುವವರಿಗೆ ಹಾಸ್ಯನಟ ರಾಬಿನ್ ವಿಲಿಯಮ್ಸ್ ಅವರ ಚಿತ್ರ. ಅಂದರೆ ನಾವು ಬೋರ್ಡು ನೋಡುತ್ತಿದ್ದೇವೆ ಅಂದುಕೊಂಡರೆ, ಬೋರ್ಡೂ ನಮ್ಮನ್ನು ನೋಡಿಯೇ ಬದಲಾಗುತ್ತಿರುತ್ತದೆ!

ಜಾಸ್ತಿ ಆಯ್ಕೆ ಇದ್ದರೆ ಒಳ್ಳೆಯದಲ್ಲವೇ ಎಂದು ನನ್ನ ರೂಮ್‌ಮೇಟ್ ಕೇಳಿದಳು. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ ಒಮ್ಮೆ 24 ಬಗೆಯ ಜಾಮ್, ಇನ್ನೊಮ್ಮೆ 6 ಬಗೆಯ ಜಾಮ್ ಇಟ್ಟರು. 24 ಇದ್ದಾಗ ನಿಂತು ನೋಡಿದವರು ಹೆಚ್ಚು. ಆದರೆ ನಿಂತವರಲ್ಲಿ ಕೊಂಡವರು ಶೇ 3 ಮಾತ್ರ. 6 ಇದ್ದಾಗ ನಿಂತವರಲ್ಲಿ ಶೇ 30 ಮಂದಿ ಕೊಂಡರು. ಎಲ್ಲ ಕಡೆಯೂ ಹೀಗೇ ಆಗುವುದಿಲ್ಲ ಎಂದು ನಂತರದ ಅಧ್ಯಯನಗಳು ಹೇಳಿವೆ. ತನಗೇನು ಬೇಕು ಎಂದು ಮೊದಲೇ ಗೊತ್ತಿರುವವರು ಎಷ್ಟೇ ಆಯ್ಕೆ ಇದ್ದರೂ ಅಷ್ಟಾಗಿ ತಬ್ಬಿಬ್ಬಾಗುವುದಿಲ್ಲವಂತೆ. ನಮ್ಮಪ್ಪ ಹೇಳಿದ್ದೂ ಅದನ್ನೇ ತಾನೇ?

ರಫ್ ಬುಕ್ಕಿನ ಕೊನೆಯ ಹಾಳೆ

ಅಪ್ಪನ ಕಾಲದಲ್ಲಿ ಈ ಕಷ್ಟ ಇರಲಿಲ್ಲ. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಶುರುವಾದಾಗ ಅವರ ಹಳ್ಳಿಗೆಲ್ಲ ಇದ್ದದ್ದು ಒಂದೇ ಟಿವಿ. ಭಾನುವಾರ ಬೆಳಿಗ್ಗೆ ಊರೆಲ್ಲ ಆ ಮನೆಯ ಜಗಲಿಯಲ್ಲಿ. ಕರೆಂಟ್ ಹೋಗದಿರಲಿ ಎಂದು ಬೇಡಿಕೊಳ್ಳುವುದಷ್ಟೇ ಇವರ ಕೆಲಸ. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಹಾಕಿದ್ದನ್ನು ನೋಡಬೇಕಿತ್ತು, ಅಷ್ಟೆ. ನಮಗೆ ಆಯ್ಕೆ ಇದೆ. ಆದರೆ ಆರಿಸುವುದನ್ನು ನಾವಿನ್ನೂ ಕಲಿಯಬೇಕಿದೆ.

ಹಾಸ್ಟೆಲ್‌ಗೆ ಬಂದ ಮೇಲೆ ರಫ್ ಬುಕ್ಕಿನ ಕೊನೆಯ ಹಾಳೆಯಲ್ಲಿ ಮೂರು ಗೆರೆ ಎಳೆದೆ. ಏನು ನೋಡಬೇಕು, ಯಾರು ಹೇಳಿದರು, ಒಟ್ಟು ಎಷ್ಟು ಹೊತ್ತು? ಮೇಷ್ಟ್ರು ತರಗತಿಯಲ್ಲಿ ಹೇಳಿದ್ದು, ಪತ್ರಿಕೆಯ ವಿಮರ್ಶೆಯಲ್ಲಿ ಓದಿದ್ದು, ಗೆಳತಿ ‘ನೋಡಲೇಬೇಕು ಕಣೇ’ ಅಂದದ್ದು ಎಲ್ಲ ಅಲ್ಲಿ ಸೇರಿತು. ಆ್ಯಪ್‌ನೊಳಗಿನ ‘ಮೈ ಲಿಸ್ಟ್’ ನನಗೆ ಆಗಿಬರಲಿಲ್ಲ. ಅದನ್ನು ನೋಡಲು ಆ್ಯಪ್ ತೆರೆಯಬೇಕು, ತೆರೆದರೆ ಮತ್ತೆ ಸಾಲು ಸಾಲು ಪೋಸ್ಟರ್.

‘ಒಟ್ಟು ಎಷ್ಟು ಹೊತ್ತು’ ಎಂಬ ಗೆರೆಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ನಾಲ್ಕು ಕಂತಿನಲ್ಲಿ ಮುಗಿಯುವ ಸರಣಿಗೂ ನಾಲ್ಕು ಸೀಸನ್ ಎಳೆಯುವ ಸರಣಿಗೂ ಬಹಳ ವ್ಯತ್ಯಾಸ. ಸೆಮಿಸ್ಟರ್ ನಡೆಯುವಾಗ ಒಂದೇ ಸಲಕ್ಕೆ ಮುಗಿಯುವ ಸಾಕ್ಷ್ಯಚಿತ್ರ ಅಥವಾ ಚಿಕ್ಕ ಸರಣಿ, ಪರೀಕ್ಷೆ ಮುಗಿದ ಮೇಲೆ ದೊಡ್ಡದು ಎಂದು ಹಂಚಿಕೊಂಡೆ. ಪ್ರೊಫೈಲ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೊಪ್ಲೇ ತೆಗೆದೆ. ಮುಂದಿನ ಕಂತು ಬೇಕಿದ್ದರೆ ಈಗ ನಾನೇ ಒತ್ತಬೇಕು.

ಇನ್ನೊಂದು ಉಪಾಯ ಹೇಳುತ್ತೇನೆ. ಕಂತಿನ ಕೊನೆಯಲ್ಲಿ ನಿಲ್ಲಿಸುವುದು ಕಷ್ಟ, ಕುತೂಹಲ ಹುಟ್ಟಿಸಲೆಂದೇ ಅದನ್ನು ಹಾಗೆ ಬರೆದಿರುತ್ತಾರೆ. ಮುಂದಿನ ಕಂತಿನ ಮೊದಲ ಹತ್ತು ನಿಮಿಷ ನೋಡಿ ನಿಲ್ಲಿಸಿ. ಬಾಗಿಲು ತಟ್ಟಿದವರು ಯಾರೆಂದು ಅಷ್ಟರಲ್ಲಿ ಗೊತ್ತಾಗಿರುತ್ತದೆ, ನಿದ್ದೆಯೂ ಬರುತ್ತದೆ.

ನೋಡಲು ಕೂತಾಗ ಪಟ್ಟಿಯಿಂದ ಮೂರನ್ನು ಮಾತ್ರ ತೆಗೆದು ಅದರಲ್ಲೊಂದು ಆರಿಸುತ್ತೇನೆ. ಇದಕ್ಕಿಂತ ಒಳ್ಳೆಯದು ಎಲ್ಲೋ ಇದ್ದೇ ಇರುತ್ತದೆ, ಇರಲಿ ಬಿಡಿ. ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಹೇಳಿದ್ದೂ ಇದನ್ನೇ. ಅತ್ಯುತ್ತಮವಾದದ್ದೇ ಬೇಕೆಂದು ಕೊನೆಯಿಲ್ಲದೆ ಹುಡುಕುವ ಬದಲು ಸಾಕೆನಿಸುವಷ್ಟು ಚೆನ್ನಾಗಿದ್ದದ್ದು ಸಿಕ್ಕಾಗ ಮನುಷ್ಯ ಅಲ್ಲಿಗೆ ನಿಲ್ಲುತ್ತಾನೆ. ಇಪ್ಪತ್ತು ನಿಮಿಷ ನೋಡಿಯೂ ಹಿಡಿಸದಿದ್ದರೆ ಬೇಜಾರಿಲ್ಲದೆ ಬಿಡುತ್ತೇನೆ.

ಪಟ್ಟಿಯಿಂದ ಸಿಕ್ಕಿದ್ದು

ಕಂಟ್ರೋಲ್ ಸಿಸ್ಟಮ್ಸ್ ಪಾಠ ಮಾಡುವ ಮೇಷ್ಟ್ರು ಹೇಳಿದ್ದು ‘ಡೌನ್‌ಫಾಲ್: ದಿ ಕೇಸ್ ಅಗೇನ್‌ಸ್ಟ್ ಬೋಯಿಂಗ್’ ಎಂಬ 2022ರ ಸಾಕ್ಷ್ಯಚಿತ್ರ. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಮಂದಿ ಸತ್ತರು. ವಿಮಾನದ ಮೂತಿಯ ಕೋನ ಅಳೆಯುವ ಒಂದೇ ಸೆನ್ಸರ್ ನಂಬಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿತ್ತು. ಸೆನ್ಸರ್ ತಪ್ಪು ಹೇಳಿತು, ಸಾಫ್ಟ್‌ವೇರ್ ಮೂತಿಯನ್ನು ಮತ್ತೆ ಮತ್ತೆ ಕೆಳಗೆ ತಳ್ಳಿತು. ಮೊದಲ ಅಪಘಾತವಾಗುವವರೆಗೆ ಅಂಥದ್ದೊಂದು ವ್ಯವಸ್ಥೆ ಇದೆ ಎಂದೇ ಪೈಲಟ್‌ಗಳಿಗೆ ತಿಳಿಸಿರಲಿಲ್ಲ. ನಾನು ಬಾಯಿಪಾಠ ಮಾಡಿ ಫೇಲಾಗಿದ್ದ ‘ಫೀಡ್‌ಬ್ಯಾಕ್’ ಎಂಬ ಪದದ ಹಿಂದೆ ಮನುಷ್ಯರ ಜೀವ ಇರುತ್ತದೆ ಎಂದು ಅಂದು ಅರ್ಥವಾಯಿತು. ಸಾಕ್ಷ್ಯಚಿತ್ರ ನೋಡಿದರೆ ಯಾರೂ ಪಾಸಾಗುವುದಿಲ್ಲ ಬಿಡಿ. ಆದರೆ ಮರುದಿನ ಪುಸ್ತಕ ತೆರೆಯಲು ಬೇಸರವಾಗಲಿಲ್ಲ.

1984ರ ಭೋಪಾಲ್ ಅನಿಲ ದುರಂತದ ಮೇಲಿನ ‘ದಿ ರೈಲ್ವೇ ಮೆನ್’ ನಾಲ್ಕೇ ಕಂತು, ಒಂದು ವಾರಾಂತ್ಯಕ್ಕೆ ಸಾಕು. ಇದು ಸಾಕ್ಷ್ಯಚಿತ್ರವಲ್ಲ, ಕಥೆಗಾಗಿ ಸೇರಿಸಿದ ಪಾತ್ರಗಳೂ ಇವೆ. ನೋಡಿದ ಮೇಲೆ ಆ ರಾತ್ರಿ ಭೋಪಾಲ್ ನಿಲ್ದಾಣದಲ್ಲಿ ಕರ್ತವ್ಯದಲ್ಲಿದ್ದ ಗುಲಾಮ್ ದಸ್ತಗೀರ್ ಅವರ ಬಗ್ಗೆ ಓದಿಕೊಂಡೆ. ಎಂಜಿನಿಯರಿಂಗ್ ಮುಗಿಸಿ ಪಂಚಾಯಿತಿ ಕಾರ್ಯದರ್ಶಿಯಾಗಿ ಹಳ್ಳಿಗೆ ಹೋಗುವ ಹುಡುಗನ ‘ಪಂಚಾಯತ್’ ನೋಡಿದ್ದು ಬರೀ ನಗಲಿಕ್ಕೆ. ನೋಡಿದ್ದೆಲ್ಲ ಉಪಯೋಗಕ್ಕೆ ಬರಬೇಕೆಂದೇನಿಲ್ಲ. ನಗಬೇಕೆಂದು ಆರಿಸಿ ನಗುವುದೂ ಆಯ್ಕೆಯೇ.

ಕೆಲವನ್ನು ಆ್ಯಪ್ ಎಂದೂ ತೋರಿಸುವುದಿಲ್ಲ. ಕರಾವಳಿಯ ಏಳು ಕಥೆಗಳ ‘ಏಕಂ’ ಎಂಬ ಕನ್ನಡ ಸರಣಿಗೆ ದೊಡ್ಡ ವೇದಿಕೆಗಳು ಸಿಗದೆ, ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ 2024ರಲ್ಲಿ ಅದನ್ನು ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಿತು. ಯಾರೋ ಹೇಳಿ ನಾನು ಬರೆದಿಟ್ಟುಕೊಂಡಿರದಿದ್ದರೆ ಅದು ಬಂದದ್ದೂ ನನಗೆ ಗೊತ್ತಾಗುತ್ತಿರಲಿಲ್ಲ.

ಮತ್ತೆ ಅದೇ ಕುರ್ಚಿ

ಡಿಸೆಂಬರಿನ ಒಂದು ಶನಿವಾರ ಊರಿಗೆ ಹೋದೆ. ಮರುದಿನ ಅಪ್ಪನಿಗೆ ವಾರದ ರಜೆ. ಈ ಸಲ ರೈಲಿನಲ್ಲೇ ಹೆಸರು ನಿರ್ಧರಿಸಿದ್ದೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶನದ ‘ವೈಲ್ಡ್ ಕರ್ನಾಟಕ’. ಒಂದು ಗಂಟೆಯೊಳಗೆ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ನಿರೂಪಿಸಿದರೆ, ಕನ್ನಡದಲ್ಲಿ ರಿಷಬ್ ಶೆಟ್ಟಿ ಅವರ ಧ್ವನಿ. ಅಪ್ಪ ಕೂತ ಎರಡೇ ನಿಮಿಷಕ್ಕೆ ಅದು ಶುರುವಾಗಿತ್ತು.

ಆನೆಗಳು ಬಂದಾಗ ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದ. ‘ಸಕಲೇಶಪುರ ದಾಟಿದ ಮೇಲೆ ಒಂದ್ಸಲ ಹೀಗೇ ಅಡ್ಡ ಬಂದಿದ್ವು. ಮರಿ ಬೇರೆ ಇತ್ತು. ಬಸ್ ನಿಲ್ಲಿಸಿ ಲೈಟ್ ಆರಿಸಿ ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತಿದ್ದೆ. ಹಿಂದೆ ಐವತ್ತು ಜನ’ ಅಂದ. ‘ನನಗೆ ಹೇಳೇ ಇಲ್ವಲ್ರೀ’ ಅಂದಳು ಅಮ್ಮ. ‘ಹೇಳಿದ್ರೆ ನಿಂಗೆ ನಿದ್ದೆ ಬರುತ್ತಿತ್ತಾ?’

ಚಿತ್ರ ಮುಗಿದ ಮೇಲೆ ಟಿವಿ ಆರಿಸಿ ಬ್ಯಾಕ್ ವಿಷಯ ಹೇಳಿದೆ. ದೀಪಾವಳಿಯಂದು ನಲವತ್ತೈದು ನಿಮಿಷ ಹುಡುಕಿದ್ದು ಒಳ್ಳೆಯದು ಸಿಗಲಿಲ್ಲ ಎಂದಷ್ಟೇ ಅಲ್ಲ, ಈ ಮಾತನ್ನು ಮುಂದಕ್ಕೆ ಹಾಕಲಿಕ್ಕೂ ಇರಬೇಕು ಎಂದು ಹೇಳುವಾಗ ಹೊಳೆಯಿತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಮತ್ತೆ ಬರೀಬಹುದಲ್ವಾ?’ ಎಂದು ಕೇಳಿದ. ‘ಬರೀಬಹುದು.’ ‘ಬರಿ ಮತ್ತೆ.’

ಬರೆದಿದ್ದೇನೆ. ಫಲಿತಾಂಶ ಇನ್ನೂ ಬಂದಿಲ್ಲ. ನಿಯಮ ಮುರಿದು ಎರಡು ಗಂಟೆಯವರೆಗೆ ಎದ್ದಿರುವ ರಾತ್ರಿಗಳು ಈಗಲೂ ಇವೆ, ಸುಳ್ಳು ಹೇಳುವುದಿಲ್ಲ. ಆದರೆ ಹೆಸರು ಗೊತ್ತಿಲ್ಲದೆ ಆ್ಯಪ್ ತೆರೆಯುವುದನ್ನು ಬಿಟ್ಟಿದ್ದೇನೆ. ಮುಂದಿನ ಸಲಕ್ಕೆ ಏನು ನೋಡಬೇಕೆಂದು ಅಪ್ಪನೇ ಹೇಳಿದ್ದಾನೆ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’. ಆ ಜಗಲಿಯಲ್ಲಿ ಕೂತು ನೋಡುವಾಗ ಕರೆಂಟ್ ಹೋಗಿ ಅರ್ಧಕ್ಕೇ ನಿಂತ ಕಂತೊಂದು ಇದೆಯಂತೆ. ಯಾವುದೆಂದು ಅಪ್ಪನಿಗೆ ನೆನಪಿಲ್ಲ. ಮೊದಲಿನಿಂದ ನೋಡುತ್ತಾ ಹೋಗಬೇಕು.