ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಗುಪ್ತ ಪತ್ರವ್ಯವಹಾರ

ಫ್ರಾನ್ಸ್ ದೇಶವು 16ನೆಯ ಶತಮಾನದ ಮತಯುದ್ಧಗಳಲ್ಲಿ ಬೇಯುತ್ತಿದ್ದಾಗ ರಾಜಮಾತೆ ಕ್ಯಾಥರೀನ್ ದ ಮೆದೀಚಿಯು ಬರೆಯಿಸಿದ ಓಲೆಗಳು ಈಗ ಅಚ್ಚಾಗಿ ಅನೇಕ ಸಂಪುಟಗಳನ್ನು ತುಂಬಿವೆ. ಆಕೆಯ ಓಲೆಗಳ ಹಿಂದೆ ಸಿಂಹಾಸನದ ಬಲವಿದ್ದಿತು. ನಮ್ಮ ಮೈಸೂರಿನ ಮಹಾರಾಣಿ ಲಕ್ಷ್ಮಮ್ಮಣ್ಣಿಯವರಿಗಾದರೋ ಓಲೆಯೊಂದೇ ಬಲ.

ಅವರ ಪತಿ ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡರು. ಅದಕ್ಕೆ ಐದು ವರ್ಷ ಮೊದಲೇ ರಾಜ್ಯಾಧಿಕಾರವು ಹೈದರಾಲಿಯ ಕೈ ಸೇರಿದ್ದಿತು. ಶ್ರೀರಂಗಪಟ್ಟಣದಲ್ಲಿ ಕಾವಲಿನೊಳಗಿದ್ದ ಮಹಾರಾಣಿಯವರು ತಿರುಮಲರಾಯ, ನಾರಾಯಣರಾಯರೆಂಬ ಸಹೋದರರ ಮೂಲಕ ಆಂಗ್ಲೇಯರೊಡನೆ ಗುಟ್ಟಾಗಿ ಮಾತುಕತೆ ನಡೆಯಿಸಿದರು. ರಾಜ್ಯವು ಮರಳಿ ಬಂದರೆ ದಿವಾನಗಿರಿಯು ಈ ಪ್ರಧಾನರ ವಂಶಕ್ಕೆಂದು ವಾಗ್ದಾನವಾಯಿತು.

1782ನೆಯ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ತಿರುಮಲರಾಯರಿಗೂ ಕುಂಪಣಿಯ ಪರವಾಗಿ ಜಾನ್ ಸಲ್ಲಿವನ್ನನಿಗೂ ಕರಾರಾಯಿತು. ಕುಂಪಣಿಯ ಸೈನ್ಯವು ಘಟ್ಟವನ್ನೇರಿ ರಾಜ್ಯವನ್ನು ಗೆದ್ದುಕೊಡಬೇಕು. ಗೆದ್ದಂತೆಲ್ಲ ಮಹಾರಾಣಿಯವರು ಹಣ ತೆರಬೇಕು. ಬೊಕ್ಕಸದ ಬೀಗದ ಕೈಯಿಲ್ಲದವರು ಲಕ್ಷಗಟ್ಟಲೆ ವರಹಗಳಿಗೆ ಮಾತು ಕೊಟ್ಟುದು ಸಾಮಾನ್ಯ ಧೈರ್ಯವೇ?

ಡಿಸೆಂಬರಿನಲ್ಲಿ ಹೈದರನು ಮಡಿದನು. ಮರುವರ್ಷ, ಟಿಪ್ಪುವು ದೂರ ಪಡುವಣ ಸೀಮೆಯಲ್ಲಿದ್ದಾಗ, ಪಟ್ಟಣದಲ್ಲಿ ಒಳಸಂಚೊಂದು ನಡೆದು ಬಯಲಾಯಿತು. ಅದರ ಮುಖಂಡನು ಅಂಚೆ ಶಾಮಯ್ಯ! ರಾಜ್ಯದ ಓಲೆಗಳನ್ನೂ ಸುದ್ದಿಗಳನ್ನೂ ನೋಡಿಕೊಳ್ಳಬೇಕಾದ ಅಧಿಕಾರಿಯೇ ಸಂಚುಗಾರನಾಗಿದ್ದನು. ಅವನು ಸೆರೆಗೆ ಬಿದ್ದನು. ಉಳಿದ ಸಂಚುಗಾರರಿಗೆ ಘೋರ ಶಿಕ್ಷೆಗಳಾದವು. ಟಿಪ್ಪುವಿನ ಕಡೆಯಿಂದ ನೋಡಿದರೆ ಇದು ಯುದ್ಧಕಾಲದ ದ್ರೋಹ. ಮಹಾರಾಣಿಯವರ ಕಡೆಯಿಂದ ನೋಡಿದರೆ ಕಳೆದುಹೋದ ಸ್ವತ್ತಿನ ಹಂಬಲ. ಎರಡನ್ನೂ ಮರೆಯದೆ ಓದಬೇಕಾದ ಕಥೆಯಿದು.

ಕುಂಪಣಿಯು ಮಾಡಿದುದೇನು? 1784ರಲ್ಲಿ ಮಂಗಳೂರಿನಲ್ಲಿ ಟಿಪ್ಪುವಿನೊಡನೆ ಕೌಲು ಮಾಡಿಕೊಂಡಿತು. ತಂಜಾವೂರಿನ ಕಾಗದವು ಕಾಗದವಾಗಿಯೇ ಉಳಿಯಿತು. 1792ರಲ್ಲಿ ಕಾರ್ನ್‌ವಾಲಿಸನು ಪಟ್ಟಣದ ಕೋಟೆಯವರೆಗೆ ಬಂದನು. ಆಗಲೂ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಉಳಿದರ್ಧವನ್ನು ಟಿಪ್ಪುವಿಗೇ ಬಿಟ್ಟು ಹಿಂದಿರುಗಿದನು. 1796ರಲ್ಲಿ ಚಾಮರಾಜ ಒಡೆಯರೂ ಕಾಲವಾದರು. ಅವರ ಎಳೆಯ ಮಗುವನ್ನು ಮುಂದಿಟ್ಟುಕೊಂಡು ಈ ವೃದ್ಧ ಮಾತೆಯು ಮತ್ತೆ ಕಾದರು.

1799ನೆಯ ಮೇ 4ರಂದು ಟಿಪ್ಪುವು ಯುದ್ಧದಲ್ಲಿ ಮಡಿದನು. ಕೋಟೆಯನ್ನು ಗೆದ್ದ ಜನರಲ್ ಹ್ಯಾರಿಸನೇ ರಾಜ್ಯದ ಮುಂದಣ ವ್ಯವಸ್ಥೆಗೆ ನೇಮಕವಾದ ಮಂಡಲಿಯ ಹಿರಿಯ ಸದಸ್ಯನು. ಆ ಮಂಡಲಿಗೆ ಲಕ್ಷ್ಮಮ್ಮಣ್ಣಿಯವರೂ ದೇವಾಜಮ್ಮಣ್ಣಿಯವರೂ ಜೂನ್ ತಿಂಗಳಿನಲ್ಲಿ ಕೃತಜ್ಞತೆಯ ಪತ್ರವನ್ನು ಕಳುಹಿದರು. ತಮ್ಮ ಪ್ರಭುತ್ವವು ನಿಂತು ನಲವತ್ತು ವರ್ಷಗಳಾದುವೆಂದು ಅದರಲ್ಲಿ ಹೇಳಿದ್ದಾರೆ. ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಬಂದುದು ಮೊಟಕಾದ ರಾಜ್ಯ. ಅದಕ್ಕೂ ಜುಲೈ 8ರ ಒಪ್ಪಂದದಂತೆ ವರ್ಷಕ್ಕೆ 7 ಲಕ್ಷ ವರಹ ಕಪ್ಪ.

ದಿವಾನಗಿರಿಯೋ, ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರಿಗೆ ಸಂದಿತು. ತಿರುಮಲರಾಯರಿಗೆ ಇತ್ತ ಮಾತು ಮಹಾರಾಣಿಯವರಿಗೆ ಮರೆತಿರಲಾರದು. ಆದರೂ ಪೂರ್ಣಯ್ಯನವರ ನೇಮಕವು ತಮಗೆ ಪರಮಸಂತೋಷವನ್ನುಂಟುಮಾಡಿತೆಂದು ಅದೇ ಪತ್ರದಲ್ಲಿ ಬರೆಯಿಸಿದ್ದಾರೆ.